ಕಾರಿಲ್ಲದೆ ಸೋಮ್ ಕಣಿವೆ

ಪ್ಯಾರಿಸ್‌ನಿಂದ ಹೊರಟು, ಕಾರಿಲ್ಲದೆ, ಮೂರು ದಿನಗಳಲ್ಲಿ ಹಳೆಯ ಊರುಗಳಿರುವ ಯಾವ ನದಿ ಕಣಿವೆಯನ್ನು ನೋಡಬಹುದು ಎಂದು ಕೇಳಿದ್ದೀರಿ. ಯೋಚಿಸದೆ ಉತ್ತರ ಫ್ರಾನ್ಸಿನ ಸೋಮ್ ನದಿಯ ಕಣಿವೆಗೆ ಹೋಗಿ. ಪ್ಯಾರಿಸ್‌ನ ಗಾರ್ ದ್ಯು ನೋರ್ ನಿಲ್ದಾಣದಿಂದ ಅಮಿಯಾಂ ನಗರಕ್ಕೆ ನೇರ ರೈಲುಗಳಿವೆ. 1220ರಲ್ಲಿ ಕಟ್ಟಲು ತೊಡಗಿದ ಅಲ್ಲಿನ ಕೆಥೆಡ್ರಲ್‌ನ ಒಳಚಾವಣಿ 42 ಮೀಟರ್ ಎತ್ತರದಲ್ಲಿದೆ; ಪಶ್ಚಿಮದ ಬಾಗಿಲುಗಳ ಶಿಲ್ಪವನ್ನು ಸಂಜೆಯ ಬಿಸಿಲಿನಲ್ಲೇ ನೋಡಬೇಕು. ಊರಂಚಿನ ಕಾಲುವೆಗಳ ನಡುವಿನ ತರಕಾರಿ ತೋಟಗಳನ್ನು ದೋಣಿಯಲ್ಲಿ ಸುತ್ತಬಹುದು.

ಅಮಿಯಾಂನಿಂದ ಮುಂದೆ ಸಿಗುವ ಆಬ್‌ವಿಲ್‌ ಊರಿನಲ್ಲಿ ಹೆಚ್ಚು ಹೊತ್ತು ಬೇಡ. 1940ರ ಬಾಂಬ್ ದಾಳಿ ಹಳೆಯ ಊರಿನ ಬಹುಭಾಗವನ್ನು ನುಂಗಿತು. ರೈಲಿನಲ್ಲೇ ಮುಂದೆ ಹೋಗಿ ನುವಾಯೆಲ್‌ನಲ್ಲಿ ಇಳಿದು, ಹಬೆ ಎಂಜಿನ್ನಿನ ಪುಟ್ಟ ರೈಲಿನಲ್ಲಿ ಸಾಂ ವಾಲೆರಿ ಸೇರಿ. ಚಳಿಗಾಲವಾದರೆ ಈ ರೈಲಿನ ವೇಳಾಪಟ್ಟಿಯನ್ನು ಮೊದಲೇ ನೋಡಿಕೊಳ್ಳಿ. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆಲ್ಲಲು ಹಡಗು ಹೊರಡಿಸಿದ್ದು ಇಲ್ಲಿಂದಲೇ. ಕೋಟೆಬಾಗಿಲು ದಾಟಿ ಮೇಲಿನ ಊರಿಗೆ ಏರಿದರೆ ಸೋಮ್ ನದಿ ಸಮುದ್ರ ಸೇರುವ ಇಡೀ ಕೊಲ್ಲಿ ಕಣ್ಣಿಗೆ ಬೀಳುತ್ತದೆ. ನನ್ನ ಮಟ್ಟಿಗೆ ಕಣಿವೆಯ ಅತ್ಯಂತ ಸುಂದರ ಊರು ಇದೇ, ಎರಡು ರಾತ್ರಿ ಇಲ್ಲೇ ತಂಗಿ.

ಒಂದು ಎಚ್ಚರಿಕೆ: ಕೊಲ್ಲಿಯ ಮರಳಿನ ಮೇಲೆ ಮಾರ್ಗದರ್ಶಿಯಿಲ್ಲದೆ ದೂರ ನಡೆಯಬೇಡಿ. ಭರತದ ನೀರು ಹಿಂದಿನಿಂದಲೇ ಸುತ್ತುವರಿಯುತ್ತದೆ. ಕೊನೆಯ ದಿನ ಬಾಡಿಗೆ ಸೈಕಲ್ ತೆಗೆದುಕೊಂಡು ಸಾಂ ವಾಲೆರಿಯಿಂದ ಕಾಲುವೆಯ ದಂಡೆಯುದ್ದಕ್ಕೂ ಆಬ್‌ವಿಲ್ ಕಡೆಗೆ ಹೋಗಿಬನ್ನಿ. ದಾರಿ ಪೂರ್ತಿ ಸಮತಟ್ಟಾಗಿದೆ. ಭಾನುವಾರ ಹಳ್ಳಿಯ ಬಸ್ಸುಗಳನ್ನು ನಂಬಬೇಡಿ.