ಒಂದೇ ಜೀನ್ ಏಳು ಕಡೆ ಯಾಕೆ?

ಹಾಸನದಿಂದ ಒಬ್ಬ ತಂದೆ ಬರೆದಿದ್ದಾರೆ: "ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ರೈಬೋಸೋಮ್ ಆರ್‌ಎನ್‌ಎ ಜೀನ್‌ಗಳು ಏಳು ಸಲ ಇವೆ ಎಂದು ಕಳೆದ ಸಂಚಿಕೆಯಲ್ಲಿ ಓದಿದೆವು. ಅಷ್ಟು ಸಣ್ಣ ಜೀವಿಗೆ ಇದು ದಂಡ ಅಲ್ವಾ? ಅಚ್ಚಿನ ತಪ್ಪೇನಾದರೂ ಇದೆಯೇ? ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಏಳೇನಾ ಎಂದು ಪಿಯುಸಿ ಓದುವ ಮಗಳು ಕೇಳುತ್ತಿದ್ದಾಳೆ."

ಅಚ್ಚಿನ ತಪ್ಪಲ್ಲ ಸ್ವಾಮಿ, ಏಳೇ. ನಿಮ್ಮ ಅನುಮಾನ ಸಹಜವಾದದ್ದು. ಇ. ಕೋಲೈನ ಹೆಚ್ಚಿನ ಜೀನ್‌ಗಳು ಒಂದೊಂದೇ ಇರುತ್ತವೆ, ಅದರಲ್ಲೇ ಕೆಲಸ ನಡೆಯುತ್ತದೆ. ಪ್ರೊಟೀನಿನ ಜೀನ್‌ನಿಂದ ಒಂದು ಆರ್‌ಎನ್‌ಎ ಎಳೆ ಬಂದರೆ ಸಾಕು, ಅದನ್ನು ಓದಿ ಓದಿ ಹತ್ತಾರು ಪ್ರೊಟೀನ್ ಮಾಡಬಹುದು. ಪ್ರೊಟೀನ್ ತಯಾರಿಸುವ ಯಂತ್ರವಾದ ರೈಬೋಸೋಮಿನ ಆರ್‌ಎನ್‌ಎ ಹಾಗಲ್ಲ. ಅದೇ ಕೊನೆಯ ಸರಕು. ಒಂದು ರೈಬೋಸೋಮ್‌ಗೆ ಒಂದು ಸೆಟ್ ಬೇಕೇ ಬೇಕು. ಒಳ್ಳೆ ಆಹಾರ ಸಿಕ್ಕರೆ ಈ ಬ್ಯಾಕ್ಟೀರಿಯಾ ಸುಮಾರು 20 ನಿಮಿಷಕ್ಕೆ ಎರಡಾಗುತ್ತದೆ. ಆಗ ಒಂದೊಂದು ಕೋಶದಲ್ಲೂ ಹತ್ತಾರು ಸಾವಿರ ರೈಬೋಸೋಮ್ ಇರುತ್ತವೆ. ಒಂದೇ ಜೀನ್ ಎಲ್ಲಿಂದ ಸಾಕಾಗಬೇಕು?

ಸೆಟ್ ಎಂದೆನಲ್ಲ, ಅದರಲ್ಲಿ 16ಎಸ್, 23ಎಸ್, 5ಎಸ್ ಎಂಬ ಮೂರು ಆರ್‌ಎನ್‌ಎಗಳಿವೆ. ಮೂರೂ ಅದೇ ಸಾಲಿನಲ್ಲಿ ಒಂದೇ ಉದ್ದನೆಯ ಎಳೆಯಾಗಿ ಬರುತ್ತವೆ. ಆಮೇಲೆ ಕಿಣ್ವಗಳು ಕತ್ತರಿಸಿ ಬೇರೆ ಮಾಡುತ್ತವೆ. 1970ರಲ್ಲಿ ಆಸ್ಕರ್ ಮಿಲ್ಲರ್ ಮತ್ತು ಜೊತೆಗಾರರು ಈ ಜೀನ್‌ಗಳು ಕೆಲಸ ಮಾಡುತ್ತಿರುವಾಗಲೇ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಚಿತ್ರ ತೆಗೆದರು. ನನಗೆ ತುಂಬ ಇಷ್ಟವಾದ ಚಿತ್ರಗಳು ಅವು. ಡಿಎನ್‌ಎ ದಾರದ ಮೇಲೆ ಆರ್‌ಎನ್‌ಎ ಬರೆಯುವ ಹತ್ತಾರು ಪಾಲಿಮರೇಸ್ ಕಿಣ್ವಗಳು ಒತ್ತೊತ್ತಾಗಿ ಕೂತಿವೆ. ಒಂದೊಂದರಿಂದಲೂ ಆರ್‌ಎನ್‌ಎ ಎಳೆ ಜೋತುಬಿದ್ದಿದೆ. ಎಳೆಗಳು ಒಂದು ತುದಿಯಿಂದ ಉದ್ದವಾಗುತ್ತಾ ಹೋಗಿ, ನಡುವೆ ಒಮ್ಮೆಗೇ ಗಿಡ್ಡವಾಗಿ, ಮತ್ತೆ ಉದ್ದವಾಗುತ್ತವೆ. ಯಾಕೆ ಗೊತ್ತಾ? ಇನ್ನೂ ಪೂರ್ತಿ ಬರೆದು ಮುಗಿಯುವ ಮೊದಲೇ 16ಎಸ್ ಭಾಗ ಕತ್ತರಿಸಿ ಹೋಗಿರುತ್ತದೆ!

ಈ ಏಳರ ಜಾಗವೂ ಸುಮ್ನೆ ಅಲ್ಲ. ಡಿಎನ್‌ಎ ನಕಲಾಗಲು ಶುರುವಾಗುವ ಜಾಗದ ಕಡೆಗೇ ಇವು ಜಾಸ್ತಿ. ಬೇಗ ಬೆಳೆಯುವಾಗ ಒಂದು ನಕಲು ಮುಗಿಯುವ ಮುಂಚೆಯೇ ಇನ್ನೊಂದು ಶುರುವಾಗುತ್ತದೆ. ಹಾಗಾಗಿ ಆ ಹೊತ್ತಿಗೆ ಕೋಶದಲ್ಲಿ ಈ ಸೆಟ್‌ಗಳು ಏಳಲ್ಲ, ಮೂವತ್ತಕ್ಕೂ ಜಾಸ್ತಿ. ಆಹಾರ ಕಡಿಮೆಯಾದರೆ ಪಿಪಿಜಿಪಿಪಿ ಎಂಬ ಸಣ್ಣ ಅಣು ಹೆಚ್ಚಾಗಿ, ಈ ಜೀನ್‌ಗಳ ಓದನ್ನು ತಗ್ಗಿಸುತ್ತದೆ.

ದಂಡವೇ ಎಂದು ವಿಜ್ಞಾನಿಗಳೂ ಪರೀಕ್ಷಿಸಿದ್ದಾರೆ. ಒಂದೆರಡನ್ನು ತೆಗೆದರೂ ಹದವಾದ ವಾತಾವರಣದಲ್ಲಿ ಬೆಳವಣಿಗೆ ಹೆಚ್ಚೇನೂ ಕುಂದಲಿಲ್ಲ. ಆದರೆ ಬಡ ಆಹಾರದಿಂದ ಒಳ್ಳೆ ಆಹಾರಕ್ಕೆ ತಟ್ಟನೆ ಹಾಕಿದಾಗ ಏಳೂ ಇದ್ದದ್ದೇ ಬೇಗ ಹೊಂದಿಕೊಂಡಿತು. ಕರುಳಿನಲ್ಲಿ ಬಾಳುವ ಜೀವಿಗೆ ಊಟ ಬರುವುದೇ ಹಾಗೆ ಅಲ್ವಾ?

ಇನ್ನು ಮಗಳ ಪ್ರಶ್ನೆಗೆ. ಎಲ್ಲದರಲ್ಲೂ ಏಳಲ್ಲಮ್ಮ. ಬ್ಯಾಸಿಲಸ್ ಸಬ್ಟಿಲಿಸ್‌ನಲ್ಲಿ 10 ಇವೆ. ಕ್ಷಯದ ಬ್ಯಾಕ್ಟೀರಿಯಾದಲ್ಲಿ ಒಂದೇ ಒಂದು, ಮತ್ತು ಅದು ಎರಡಾಗಲು ಸುಮಾರು ಒಂದು ದಿನ ಬೇಕು. ಒಂದೇ ಇರುವುದರಿಂದ ಕಾಯಿಲೆಯವರಿಗೆ ಒಂದು ತೊಂದರೆಯಿದೆ. ಅಮಿಕಾಸಿನ್, ಕನಮೈಸಿನ್ ಔಷಧಿಗಳು ರೈಬೋಸೋಮನ್ನೇ ಹಿಡಿಯುತ್ತವೆ. 16ಎಸ್ ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಇವು ನಾಟದೆ ಹೋಗಬಹುದು. ಇ. ಕೋಲೈನಲ್ಲಾದರೆ ಒಂದು ಕೆಟ್ಟರೂ ಉಳಿದ ಆರು ಹಳೆಯ ರೈಬೋಸೋಮನ್ನೇ ಕೊಡುತ್ತಿರುತ್ತವೆ, ಔಷಧಿ ನಾಟುತ್ತದೆ. ಕ್ಷಯದಲ್ಲಿ ಆ ಆರು ಇಲ್ಲ. ಅದಕ್ಕೇ ನಮ್ಮ ದೇಶದ ಕ್ಷಯ ಪ್ರಯೋಗಾಲಯಗಳಲ್ಲಿ ಔಷಧಿಗೆ ಬಗ್ಗದ ಕ್ಷಯವನ್ನು ಪತ್ತೆ ಮಾಡುವ ಲೈನ್ ಪ್ರೋಬ್ ಪರೀಕ್ಷೆ ಈ ಜೀನನ್ನೂ ನೋಡುತ್ತದೆ.

– ಸಂಪಾದಕ