ಮೇಜಿನ ಮೇಲೆ ಒಂಬತ್ತು ಪ್ರಾಜೆಕ್ಟ್, ಅವನದು ಒಂದೇ

(ಹುಡುಗನ ಒಪ್ಪಿಗೆ ಪಡೆದು ಬರೆದದ್ದು. ಹೆಸರು ಮತ್ತು ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.)

ಸುಹಾಸ್ ಬೆಂಗಳೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿದ್ದಾನೆ. ಐದನೇ ಸೆಮಿಸ್ಟರ್. ಊರು ಮಲೆನಾಡಿನ ಕಡೆ, ಅಡಿಕೆ ತೋಟದ ಮನೆ. ಇಲ್ಲಿ ಹಾಸ್ಟೆಲ್. ಅವನನ್ನು ಕೌನ್ಸೆಲಿಂಗಿಗೆಂದು ನನ್ನ ಹತ್ತಿರ ಕಳಿಸಿದ್ದು ಕ್ಲಾಸಿನ ಮೆಂಟರ್. ಚೀಟಿಯಲ್ಲಿ ಇದ್ದದ್ದು ಇಷ್ಟೇ: ಹಾಜರಾತಿ ಕಮ್ಮಿ, ಸರ್ಕ್ಯೂಟ್ ಹುಚ್ಚು, ಬಿಡಿಸಬೇಕು. ಇಂಥ ಚೀಟಿಗಳನ್ನು ನಾನು ಪೂರ್ತಿ ನಂಬುವುದಿಲ್ಲ.

ಬಂದವನ ಕಣ್ಣು ಕೆಂಪಗಿತ್ತು. ತೋರುಬೆರಳ ತುದಿಯಲ್ಲಿ ಸೋಲ್ಡರಿಂಗ್ ಐರನ್ ತಾಗಿದ ಕಲೆ. ನಿದ್ದೆ ಹೇಗೆ ಎಂದೆ. "ಮೂರು ಗಂಟೆಗೆ ಮಲಗ್ತೀನಿ ಮೇಡಂ, ಬೆಳಗ್ಗೆ ಮೊದಲ ಕ್ಲಾಸಿಗೆ ಏಳೋಕೇ ಆಗಲ್ಲ." ಸಾಯುವ ಯೋಚನೆ ಏನಾದರೂ ಬರುತ್ತದಾ ಎಂದು ನೇರವಾಗಿ ಕೇಳಿದೆ. ಇಷ್ಟು ನಿದ್ದೆಗೆಟ್ಟವರನ್ನು ಕೇಳಲೇಬೇಕು, ಸುತ್ತಿ ಬಳಸಿ ಕೇಳಿದರೆ ಉತ್ತರವೂ ಸುತ್ತಿ ಬಳಸಿಯೇ ಬರುತ್ತದೆ. ಇಲ್ಲ ಎಂದ. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಅವನ ಫೋನಿನಲ್ಲಿ ಹಾಕಿಸಿದೆ. ರಾತ್ರಿ ಎರಡು ಗಂಟೆಗೆ ನಾನು ಸಿಗುವುದಿಲ್ಲ, ಆ ನಂಬರಿಗೆ ಜನ ಸಿಗುತ್ತಾರೆ.

ಆಮೇಲೆ ಒಂದು ಹಾಳೆ ಕೊಟ್ಟೆ. "ನಿನ್ನ ಮೇಜಿನ ಮೇಲೆ ಈಗ ಏನೇನು ಅರ್ಧಕ್ಕೆ ನಿಂತಿದೆ, ಎಲ್ಲಾ ಬರಿ. ಒಂದೊಂದರ ಎದುರಿಗೂ ಯಾರು ಕೇಳಿದ್ದು ಅಂತ ಹಾಕು."

ಫೈನಲ್ ಇಯರ್ ಸೀನಿಯರ್‌ಗೆ ಇಎಸ್‌ಪಿ32 ಎಂಬ ವೈಫೈ ಚಿಪ್ಪಿನ ಕೋಡ್. ರೂಮ್‌ಮೇಟಿನ ಮಿನಿ ಪ್ರಾಜೆಕ್ಟ್. ರೊಬೊಟಿಕ್ಸ್ ಕ್ಲಬ್ಬಿಗೆ ನೆಲದ ಗೆರೆ ಹಿಡಿದು ಓಡುವ ಲೈನ್ ಫಾಲೋವರ್ ರೋಬೋ. ಫೆಸ್ಟಿಗೆ ಎಲ್‌ಇಡಿ ಬೋರ್ಡ್. ಎನ್‌ಎಸ್‌ಎಸ್ ಶಿಬಿರದ ಆಂಪ್ಲಿಫೈಯರ್ ರಿಪೇರಿ. ವಾರ್ಡನ್ ಸಾರ್‌ಗೆ ನೀರಿನ ಟ್ಯಾಂಕ್ ತುಂಬಿದರೆ ಕೂಗುವ ಅಲಾರಂ. ಅಪ್ಪನಿಗೆ ಮೊಬೈಲಿಂದ ಪಂಪ್‌ಸೆಟ್ ಆನ್ ಮಾಡುವ ಬೋರ್ಡು. ಅದನ್ನು ಕೇಳಿ ಚಿಕ್ಕಪ್ಪನಿಗೂ ಒಂದು. ಒಂಬತ್ತನೆಯದು ಮಳೆ ಅಳೆಯುವ ಯಂತ್ರ. ಅದರ ಎದುರಿಗೆ ಏನೂ ಬರೆದಿರಲಿಲ್ಲ.

"ಇದು ಯಾರದ್ದು?"

"ಇದು ಸುಮ್ನೆ ನಂದು, ಮೇಡಂ."

ಆ ಯಂತ್ರದ ಬಗ್ಗೆ ಕೇಳಿದ್ದೇ ತಡ, ಹುಡುಗನ ದನಿಯೇ ಬೇರೆಯಾಯಿತು. ಲಾಳಿಕೆಯ ಕೆಳಗೆ ಎರಡು ಬದಿಗೂ ವಾಲುವ ಪುಟ್ಟ ಬಟ್ಟಲು. ಒಂದು ಬದಿ ತುಂಬಿದರೆ ವಾಲಿ ಚೆಲ್ಲುತ್ತದೆ, ಇನ್ನೊಂದು ಬದಿ ಮೇಲೆ ಬರುತ್ತದೆ. ವಾಲುವಾಗ ಅದರಲ್ಲಿರುವ ಆಯಸ್ಕಾಂತ, ಆಯಸ್ಕಾಂತ ಹತ್ತಿರ ಬಂದರೆ ಮುಚ್ಚುವ ರೀಡ್ ಸ್ವಿಚ್ಚಿನ ಮುಂದೆ ಹಾದುಹೋಗುತ್ತದೆ, ಒಂದು ಎಣಿಕೆ. ಅವನ ಅಳತೆಯಲ್ಲಿ ಒಂದು ವಾಲಾಟಕ್ಕೆ 0.2 ಮಿಲಿಮೀಟರ್ ಮಳೆ. ಆದರೆ ಸ್ವಿಚ್ಚು ಮುಚ್ಚುವಾಗ ಒಳಗಿನ ಲೋಹದ ಪಟ್ಟಿ ಅದುರಿ, ಒಂದು ವಾಲಾಟ ಎರಡೋ ಮೂರೋ ಆಗಿ ದಾಖಲಾಗುತ್ತಿತ್ತಂತೆ. ಮೊದಲ ಎಣಿಕೆಯಾದ ಮೇಲೆ ಕೆಲವು ಮಿಲಿಸೆಕೆಂಡು ಏನು ಬಂದರೂ ಲೆಕ್ಕಕ್ಕೆ ಹಿಡಿಯಬೇಡ ಎಂದು ಕೋಡಿನಲ್ಲಿ ಹೇಳಿದರೆ ಸರಿಹೋಗುತ್ತದೆ. ಅವನಿಗೆ ಅದು ಗೊತ್ತು. ಎರಡು ತಿಂಗಳಿಂದ ಆ ನಾಲ್ಕು ಸಾಲು ಬರೆಯಲು ಪುರಸೊತ್ತಾಗಿರಲಿಲ್ಲ ಅಷ್ಟೇ. ಈ ಯಂತ್ರ ಯಾಕೆ ಬೇಕು ಅಂದರೆ, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಎರಡನೇ ಸಲ ಯಾವಾಗ ಹೊಡೆಸುವುದು ಎಂದು ಅವನ ಅಪ್ಪ ಮಳೆಗಾಲ ಪೂರ್ತಿ ಆಕಾಶ ನೋಡುತ್ತಾ ಕೂರುತ್ತಾರೆ.

ಅಂದರೆ ಮೆಂಟರ್ ಹೇಳಿದ ಹುಚ್ಚು ಎರಡು ತಿಂಗಳಿಂದ ಕೆಲಸದ ಮೇಜಿಗೇ ಬಂದಿರಲಿಲ್ಲ. ಹುಡುಗನ ರಾತ್ರಿಗಳನ್ನು ತಿನ್ನುತ್ತಿದ್ದದ್ದು ಉಳಿದ ಎಂಟು. ಕಾಲೇಜಿಗೆ ಒಂದು ಪುಕ್ಕಟೆ ಸರ್ವಿಸ್ ಸೆಂಟರ್ ಸಿಕ್ಕಿತ್ತು.

ಇಲ್ಲ ಅನ್ನೋಕೆ ಯಾಕಾಗಲ್ಲ? ಇದಕ್ಕೆ ಉತ್ತರ ಎರಡನೇ ಭೇಟಿಯಲ್ಲಿ ಬಂತು. ಅವನು ಓದಿದ್ದು ಕನ್ನಡ ಮೀಡಿಯಂ. ಮೊದಲ ವರ್ಷ ಇಂಗ್ಲಿಷಿನಲ್ಲಿ ಬಾಯಿ ಬಿಡಲು ಹೆದರಿ ಹಿಂದಿನ ಬೆಂಚಿನಲ್ಲೇ ಕೂತಿದ್ದ. ಒಂದು ದಿನ ಲ್ಯಾಬಿನಲ್ಲಿ ಯಾರದೋ ಸರ್ಕ್ಯೂಟ್ ಓಡಲಿಲ್ಲ, ಬ್ರೆಡ್‌ಬೋರ್ಡಿನಲ್ಲಿ ಗ್ರೌಂಡ್ ವಯರ್ ಸಡಿಲ ಇರುವುದನ್ನು ಇವನು ಹಿಡಿದುಕೊಟ್ಟ. ಅವತ್ತಿಂದ ಎಲ್ಲರಿಗೂ ಇವನ ಹೆಸರು ಗೊತ್ತಾಯಿತು. ಈಗ ಆಗಲ್ಲ ಅಂದರೆ ಮತ್ತೆ ಹಿಂದಿನ ಬೆಂಚು. ಅವನ ಲೆಕ್ಕ ಹೀಗಿತ್ತು. ಇಂಥವನಿಗೆ ಟೈಮ್‌ಟೇಬಲ್ ಹಾಕಿಕೊಟ್ಟರೆ ಅದೂ ಹತ್ತನೇ ಪ್ರಾಜೆಕ್ಟ್ ಆಗುತ್ತದೆ.

ಮೊದಲು ಹಾಜರಾತಿ ನೋಡಿದೆವು, ಅದಕ್ಕೆ ಮಾತ್ರ ಗಡುವಿತ್ತು. ಪರೀಕ್ಷೆಗೆ ಕೂರಲು ವಿಟಿಯುದಲ್ಲಿ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 85 ಶೇಕಡಾ ಬೇಕು. ಸರಿಯಾದ ಕಾರಣವಿದ್ದರೆ 75ರವರೆಗೆ ವಿನಾಯಿತಿ ಕೇಳಬಹುದು. ಒಂದು ವಿಷಯದಲ್ಲಿ 28 ಕ್ಲಾಸಿಗೆ 20 ಹಾಜರಿ, ಅಂದರೆ 71. ಉಳಿದಿದ್ದ 12ಕ್ಕೂ ಕೂತರೆ 40ಕ್ಕೆ 32, ಅಂದರೆ 80. ತಪ್ಪಿದ ಕ್ಲಾಸುಗಳಲ್ಲಿ ಮೂರು ಕ್ಲಬ್ಬಿನ ಸ್ಪರ್ಧೆಗೆ ಹೋದಾಗಿನವು, ಕಾಲೇಜಿನ ಪರವಾಗಿಯೇ ಹೋಗಿದ್ದ ಎಂದು ತೋರಿಸುವ ಆನ್ ಡ್ಯೂಟಿ ಪತ್ರವನ್ನೇ ಇವನು ತಂದಿರಲಿಲ್ಲ. ಅವತ್ತೇ ಎಚ್‌ಒಡಿ ಹತ್ತಿರ ಕಳಿಸಿದೆ. ಎನ್‌ಎಸ್‌ಎಸ್‌ಗೆ ಇವನು ಓಡಾಡುತ್ತಿದ್ದದ್ದು ಎಐಸಿಟಿಇ ಆಕ್ಟಿವಿಟಿ ಪಾಯಿಂಟ್, ಅಂದರೆ ಪದವಿಗೆ ಬೇಕಾದ ಪಾಠದಾಚೆಯ ಚಟುವಟಿಕೆಗಳ ಅಂಕ, ಸಾಲದೆಂಬ ಭಯಕ್ಕೆ. ಆ 100 ಪಾಯಿಂಟಿಗೆ ನಾಲ್ಕು ವರ್ಷ ಸಮಯವಿದೆ. ಎಷ್ಟು ಆಗಿದೆ ಎಂದು ನೋಡಿಕೊಂಡೇ ಇರಲಿಲ್ಲ.

ಸೀನಿಯರ್ ವಿಷಯಕ್ಕೆ ರಿಹರ್ಸಲ್ ಮಾಡಿದೆವು. ನಾನೇ ಸೀನಿಯರ್ ಆಗಿ "ಲೋ, ಇವತ್ತು ರಾತ್ರಿ ಕೋಡ್ ಕೊಡ್ತೀಯಾ ಅಲ್ವಾ?" ಎಂದೆ. ಮೊದಲ ಸಲ ಅವನು "ನೋಡ್ತೀನಿ ಅಣ್ಣ" ಅಂದ. ನೋಡ್ತೀನಿ ಅಂದರೆ ಕೊಟ್ಟ ಹಾಗೇ. ಕಡೆಗೆ ಅವನದೇ ಮಾತಿನಲ್ಲಿ ಹೀಗೆ ಬಂತು: "ಅಣ್ಣ, ಮಾಡಿಕೊಡೋಕಾಗಲ್ಲ. ಶನಿವಾರ ಒಂದು ಗಂಟೆ ಜೊತೆಗೆ ಕೂತು ತೋರಿಸ್ತೀನಿ, ಟೈಪ್ ನೀವು ಮಾಡಿ." ಕಲಿಸುವವನಾಗಿ ಉಳಿದರೆ ಹೆಸರೂ ಉಳಿಯುತ್ತದೆ. ಅವನ ಭಯಕ್ಕೆ ನಾನು ಕೊಟ್ಟ ಉತ್ತರ ಅದೇ. ಫೆಸ್ಟ್ ಬೋರ್ಡನ್ನು ಕ್ಲಬ್ಬಿನ ಜೂನಿಯರುಗಳಿಗೆ ದಾಟಿಸಿದ. ಲೈನ್ ಫಾಲೋವರ್ ಇಟ್ಟುಕೊಂಡ.

ಒಂದು ವಿಷಯದಲ್ಲಿ ನಾನು ಗಟ್ಟಿಯಾಗಿಯೇ ಹೇಳಿದೆ. ಅತಿಯಾಗಿ ಚಾರ್ಜ್ ಆಗದಂತೆ ತಡೆಯುವ ಪ್ರೊಟೆಕ್ಷನ್ ಇಲ್ಲದ, ಬೆಂಕಿ ಹತ್ತಬಹುದಾದ ಲಿಥಿಯಂ ಸೆಲ್ಲುಗಳನ್ನು ಮಂಚದ ಪಕ್ಕ ಚಾರ್ಜಿಗೆ ಇಟ್ಟು ಮಲಗುತ್ತಿದ್ದ. ಸೋಲ್ಡರಿಂಗ್ ಕಿಟಕಿ ಮುಚ್ಚಿಕೊಂಡು, ವಾರ್ಡನ್‌ಗೆ ವಾಸನೆ ಗೊತ್ತಾಗಬಾರದೆಂದು. ಎರಡೂ ಲ್ಯಾಬಿಗೆ ಹೋಗಬೇಕು, ಸಂಜೆ ಲ್ಯಾಬ್ ಮುಚ್ಚಿದರೆ ಅವತ್ತಿನ ಕೆಲಸವೂ ಮುಚ್ಚಬೇಕು. ನಿದ್ದೆಗೆ ಬೇರೆ ಸಲಹೆ ಕೊಡಲಿಲ್ಲ, ಬೇಕಾಗಲೂ ಇಲ್ಲ.

ಅವನ ಎದುರಿಗೇ ಅಪ್ಪನಿಗೆ ಫೋನ್ ಮಾಡಿದೆ. ತೋಟದ ಪಂಪಿಗೆ ಬರುವುದು ಮೂರು ಫೇಸಿನ ಕರೆಂಟು, ಫೇಸಿಂದ ಫೇಸಿಗೆ 415 ವೋಲ್ಟ್. ಹಾಸ್ಟೆಲಿನಲ್ಲಿ ಕೂತು ಮಾಡಿದ ಬೋರ್ಡನ್ನು ಅದಕ್ಕೆ ತಗುಲಿಸುವ ಯೋಚನೆಗೆ ಹುಡುಗನೇ ಹೆದರಿದ್ದ, ಹೇಳಿರಲಿಲ್ಲ. ಅಪ್ಪ ಒಂದೇ ಮಾತು ಹೇಳಿದರು: "ಅವನಿಗೆ ಕಷ್ಟ ಆಗ್ತಿದೆ ಅಂತ ಗೊತ್ತಿರಲಿಲ್ಲ ಮೇಡಂ. ಅಂಗಡೀಲಿ ಮೊಬೈಲ್ ಸ್ಟಾರ್ಟರ್ ಸಿಗ್ತದೆ, ಅದನ್ನೇ ತಂದ್ರಾಯ್ತು."

ವಿನಾಯಿತಿ ಸಿಕ್ಕಿತು, ಪರೀಕ್ಷೆಗೆ ಕೂತ. ಒಂದು ಪೇಪರ್ ಪಾಸಾಗದೆ ಉಳಿದಿದೆ. ಸೀನಿಯರ್ ಕೆಲವು ವಾರ ಮಾತು ಬಿಟ್ಟಿದ್ದರು, ಈಗ ಶನಿವಾರ ಬರುತ್ತಾರೆ. ಮಳೆ ಯಂತ್ರ ಸರಿಯಾಗಿ ಎಣಿಸುತ್ತಿದೆ, ಬರುವ ರಜೆಗೆ ಊರಿಗೆ ಹೋಗುತ್ತದೆ. ಚಿಕ್ಕಪ್ಪನ ಬೋರ್ಡಿನ ವಿಷಯ ಮಾತ್ರ ಬಾಕಿ. ನೆಂಟರಿಗೆ ಇಲ್ಲ ಅನ್ನುವುದು ಸೀನಿಯರಿಗೆ ಅಂದಷ್ಟು ಸುಲಭವಲ್ಲ, ಅಲ್ವಾ? ಅದನ್ನು ಅಪ್ಪನ ಬಾಯಿಂದಲೇ ಹೇಳಿಸಬೇಕು ಅಂತಿದ್ದೇವೆ.