ಗೀಸರ್ ಕೂರಿಸಿದವರು ಹೋದರು, ಕಾಟ ಉಳಿಯಿತು

ಪ್ರಶ್ನೆ: ಡೊಂಬಿವಲಿಯ ನಮ್ಮ ಫ್ಲ್ಯಾಟಿನ ಬಚ್ಚಲುಮನೆಯನ್ನು ಹೊಸದಾಗಿ ಮಾಡಿಸಿದೆವು. ಟೈಲ್ಸ್, ಪೈಪು, 25 ಲೀಟರಿನ ಗೀಸರ್ ಎಲ್ಲವೂ ಒಬ್ಬನೇ ಕಾಂಟ್ರಾಕ್ಟರಿಗೆ. ಈಗ ಬಿಸಿನೀರು ಅರ್ಧ ಬಕೆಟ್ ಬರುವಷ್ಟರಲ್ಲಿ ಉಗುರುಬೆಚ್ಚಗಾಗುತ್ತದೆ. ನಲ್ಲಿ ಮುಟ್ಟಿದರೆ ಜುಮ್ಮೆನ್ನುತ್ತದೆ. ಗೀಸರಿನ ಅಡಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹೇಳಿದ್ದಕ್ಕೆ ಏನೋ ತಿರುಪಿ ನಿಲ್ಲಿಸಿ ಹೋದರು. ಕೆಳಗಿನ ಮನೆಯವರ ಛಾವಣಿಯಲ್ಲಿ ತೇವದ ಕಲೆ ಬಂದಿದೆ. ಬಾಕಿ ಹಣಕ್ಕೆ ದಿನಾ ಫೋನ್ ಬರುತ್ತದೆ, ರಿಪೇರಿಗೆ ಮಾತ್ರ ‘ನಾಳೆ’. ಏನು ಮಾಡಬೇಕು?

ಉತ್ತರ: ಮೊದಲು ಗೀಸರಿನ ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಬೀಳುವ ಸುರಕ್ಷಾ ಸ್ವಿಚ್ಚು) ಇಳಿಸಿ, ಪ್ಲಗ್ಗನ್ನೂ ಕಳಚಿಡಿ. ಸ್ವಿಚ್ ಆರಿಸಿದರೆ ಸಾಲದು. ಸ್ವಿಚ್ಚನ್ನು ನ್ಯೂಟ್ರಲ್ (ಕರೆಂಟು ವಾಪಸು ಹೋಗುವ) ತಂತಿಗೆ ಹಾಕಿದ್ದರೆ ಆರಿಸಿದ ಮೇಲೂ ಎಲಿಮೆಂಟಿನಲ್ಲಿ ಕರೆಂಟು ನಿಂತೇ ಇರುತ್ತದೆ. ಮುಂದಿನದನ್ನು ಓದುವ ಮೊದಲು ಇಷ್ಟು ಮಾಡಿಬಿಡಿ.

ನಿಮ್ಮ ದೂರುಗಳಲ್ಲಿ ನಮಗೆ ಹೆಚ್ಚು ಭಯ ಹುಟ್ಟಿಸಿದ್ದು ಜುಮ್ಮೆನ್ನುವ ನಲ್ಲಿಯಷ್ಟೇ ಅಲ್ಲ, ‘ನಿಲ್ಲಿಸಿ ಹೋದ’ ಆ ಹನಿಯೂ ಹೌದು. 25 ಲೀಟರ್ ನೀರು 25 ಡಿಗ್ರಿಯಿಂದ 65ಕ್ಕೆ ಕಾದರೆ ಸುಮಾರು 400 ಮಿಲಿ ಹಿಗ್ಗುತ್ತದೆ, ಅಂದರೆ ಎರಡು ಲೋಟದಷ್ಟು. ತಣ್ಣೀರು ಒಳಬರುವ ಕಡೆ ಕೂರಿಸುವ ಸುರಕ್ಷಾ ವಾಲ್ವ್ ನೀರನ್ನು ಹಿಂದಕ್ಕೆ ಬಿಡುವುದಿಲ್ಲ. ಹಿಗ್ಗಿದ ನೀರಿನಿಂದ ಒತ್ತಡ ಮಿತಿ ಮೀರಿದಾಗ, ಸಾಮಾನ್ಯವಾಗಿ 8 ಬಾರ್ ಹತ್ತಿರ, ಪಕ್ಕದ ಸಣ್ಣ ಬಾಯಿಯಿಂದ ತೊಟ್ಟಿಕ್ಕಿಸುತ್ತದೆ. ಕಾಯುವಾಗ ಮಾತ್ರ ಬೀಳುವ ಹನಿ ದೋಷವಲ್ಲ, ಅದು ವಾಲ್ವ್ ತನ್ನ ಕೆಲಸ ಮಾಡುತ್ತಿದೆ ಎಂಬ ಗುರುತು. ಹಗಲೂ ರಾತ್ರಿ ಸುರಿದರೆ ಮಾತ್ರ ವಾಲ್ವಿನಲ್ಲಿ ಕಸ ಸಿಕ್ಕಿದೆ ಅಥವಾ ಕಟ್ಟಡದ ಪಂಪಿನ ಒತ್ತಡ ಹೆಚ್ಚಾಗಿದೆ ಎಂದರ್ಥ. ಆ ಬಾಯಿಗೆ ಡಮ್ಮಿ ಪ್ಲಗ್ (ಬಾಯಿ ಮುಚ್ಚುವ ಬಿರಡೆ) ತಿರುಪಿದ್ದಾರೋ ನೋಡಿ. ತಿರುಪಿದ್ದರೆ ಥರ್ಮೋಸ್ಟಾಟ್ ಕೈಕೊಟ್ಟ ದಿನ ಟ್ಯಾಂಕೇ ಒಡೆಯಬಹುದು. ಒಂದು ಫೋಟೋ ತೆಗೆದು, ಟ್ಯಾಂಕು ಪೂರ್ತಿ ತಣ್ಣಗಾದ ಮೇಲೆ ಪ್ಲಂಬರಿಂದ ಪ್ಲಗ್ ತೆಗೆಸಿ, ಹೊಸ ವಾಲ್ವ್ ಹಾಕಿಸಿ. ಬಾಯಿಗೆ ತೆಳು ಪೈಪು ಸಿಕ್ಕಿಸಿ, ಇಳಿಜಾರಾಗಿ, ತುದಿ ತೆರೆದೇ ಇರುವಂತೆ ನೆಲದ ಜಾಲರಿಯವರೆಗೆ ಇಳಿಬಿಡಲಿ.

ಅರ್ಧ ಬಕೆಟ್ಟಿನ ಕಥೆ ಇನ್ನೊಂದು. ಲಂಬವಾಗಿ ಕೂರಿಸುವ ಗೀಸರಿನಲ್ಲಿ ಬಿಸಿನೀರಿನ ನಳಿಕೆ ಒಳಗೆ ಟ್ಯಾಂಕಿನ ತಲೆಯವರೆಗೂ ಹೋಗಿರುತ್ತದೆ, ತಣ್ಣೀರಿನದು ಬುಡದಲ್ಲೇ ಮುಗಿಯುತ್ತದೆ. ಎರಡೂ ಅದಲುಬದಲಾದರೆ ತಣ್ಣೀರು ಮೇಲಿಂದ ಸುರಿದು ಕಾದ ನೀರನ್ನೆಲ್ಲ ಕಲಕುತ್ತದೆ, ನಿಮಗೆ ಬುಡದ ನೀರು ಬರುತ್ತದೆ. ಪರೀಕ್ಷೆ ಸುಲಭ. ಮಿಕ್ಸರ್ (ಬಿಸಿನೀರು, ತಣ್ಣೀರು ಬೆರೆಸುವ ನಲ್ಲಿ) ಮುಚ್ಚಿ, ಗೀಸರಿನ ಅಡಿಯ ಎರಡೂ ಹೆಣೆದ ಪೈಪುಗಳನ್ನು ಕಳಚಿ ಬಕೆಟ್ಟಿಗೆ ಹಿಡಿದು, ಗೋಡೆಯಲ್ಲಿರುವ ಸಣ್ಣ ನಲ್ಲಿಗಳಾದ ಆಂಗಲ್ ಕಾಕುಗಳನ್ನು ಒಂದೊಂದಾಗಿ ತೆರೆಸಿ. ನೀರು ನುಗ್ಗಿದ ಪೈಪು ನೀಲಿ ಉಂಗುರದ ಬಾಯಿಗೆ ಸೇರಬೇಕು. ಅದು ಕೆಂಪಿಗಿದ್ದರೆ ಸುರಕ್ಷಾ ವಾಲ್ವೂ ಕೆಂಪು ಬದಿಯಲ್ಲಿರುತ್ತದೆ, ಇಲ್ಲವೇ ವಾಲ್ವನ್ನೇ ಹಾಕಿಲ್ಲ. ನೀಲಿ ಬದಿಯಲ್ಲಿದ್ದಿದ್ದರೆ ನೀರೇ ಹೊರಬರುತ್ತಿರಲಿಲ್ಲ. ವಾಲ್ವನ್ನು ನೀಲಿಗೆ ತಂದು, ಉದ್ದ ಸಾಲದಿದ್ದರೆ 24 ಇಂಚಿನ ಪೈಪು ತಂದು ಅಡ್ಡ ಹಾಯಿಸಿದರೆ ಆಯಿತು. ‘ಟೈಲ್ಸ್ ಒಡೆಯಬೇಕು’ ಎಂದರೆ ನಂಬಬೇಡಿ.

ಜುಮ್ಮೆನ್ನುವುದಕ್ಕೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನೇ ಬರಬೇಕು, ಕಾಂಟ್ರಾಕ್ಟರಿನ ಹುಡುಗ ಬೇಡ. ಪೈಪು ಪ್ಲಾಸ್ಟಿಕ್ಕಾದರೂ ನೀರಿನ ಮೂಲಕ ಕರೆಂಟು ನಲ್ಲಿಗೆ ಬರುತ್ತದೆ. 16 ಆಂಪಿಯರಿನ ಸಾಕೆಟ್ಟಿನ ಮುಖ ಬಿಚ್ಚಿಸಿ ನೋಡಿ: ಮೇಲಿನ ದಪ್ಪ ತೂತಿಗೆ ಹಸಿರು ತಂತಿ ಬಂದಿದೆಯೇ? ಅರ್ಥಿಂಗ್ ಎಳೆಯುವ ಸೋಮಾರಿತನಕ್ಕೆ ನ್ಯೂಟ್ರಲ್ಲಿನಿಂದಲೇ ಗೇಣುದ್ದ ತುಂಡು ತಂತಿ ಸಿಕ್ಕಿಸುವವರಿದ್ದಾರೆ. ಆಗ ಮಲ್ಟಿಮೀಟರಿನಲ್ಲಿ ಫೇಸ್ (ಕರೆಂಟು ಬರುವ ತಂತಿ) ಮತ್ತು ಅರ್ಥ್ ನಡುವೆ 230 ವೋಲ್ಟ್ ಚೆನ್ನಾಗಿಯೇ ತೋರುತ್ತದೆ, ಹಾಗಾಗಿ ಮುಖ ಬಿಚ್ಚದೆ ಮೋಸ ಗೊತ್ತಾಗುವುದಿಲ್ಲ. ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆರುವ ಸ್ವಿಚ್ಚು) ಇದ್ದರೂ ಕುರುಡು, ಏಕೆಂದರೆ ಸೋರಿದ ಕರೆಂಟು ನ್ಯೂಟ್ರಲ್ಲಿನಲ್ಲೇ ವಾಪಸು ಹೋಗುತ್ತದೆ. ಎಲ್ಲಾದರೂ ನ್ಯೂಟ್ರಲ್ ಕಡಿದರೆ ಗೀಸರಿನ ಮೈಯೆಲ್ಲ 230 ವೋಲ್ಟ್. ಡಿಬಿಯ (ಎಂಸಿಬಿಗಳಿರುವ ಪೆಟ್ಟಿಗೆಯ) ಅರ್ಥ್ ಪಟ್ಟಿಯಿಂದಲೇ ಬೇರೆ ಹಸಿರು ತಂತಿ ತರಿಸಿ. 2 ಕಿಲೋವ್ಯಾಟಿನ ಗೀಸರ್ 9 ಆಂಪಿಯರ್ ಹತ್ತಿರ ಎಳೆಯುತ್ತದೆ. ಅದಕ್ಕೆ ಎರಡೂವರೆ ಚದರ ಎಂಎಂ ತಾಮ್ರದ ಪ್ರತ್ಯೇಕ ಲೈನು, 16ರ ಎಂಸಿಬಿ, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲಿ. ಎಲಿಮೆಂಟನ್ನೂ ಪರೀಕ್ಷಿಸಲಿ, ನೀರು ತುಂಬಿಸದೆ ಒಮ್ಮೆ ಉರಿಸಿದ್ದರೂ ಅದು ಸುಟ್ಟಿರಬಹುದು.

ಕೆಳಮನೆಯ ಕಲೆಗೆ ಎರಡು ದಿನ ಬಚ್ಚಲು ಬಳಸದೆ ನೋಡಿ. ಆಗಲೂ ಕಲೆ ಹರಡಿದರೆ ಗೋಡೆಯೊಳಗಿನ ಪೈಪು ಸೋರುತ್ತಿದೆ. ಬಳಸಿದಾಗ ಮಾತ್ರ ಹರಡಿದರೆ ನಹಾನಿ ಟ್ರ್ಯಾಪಿನ (ನೆಲದ ಜಾಲರಿಯ ಕೆಳಗಿನ ಬಾಯಿಯ) ಸುತ್ತಣ ವಾಟರ್‌ಪ್ರೂಫಿಂಗ್ ಕೆಟ್ಟಿದೆ. ಪೈಪಿನ ಸಂಶಯವಿದ್ದರೆ ಬಿಸಿ ಲೈನನ್ನೂ ತಣ್ಣೀರಿನ ಲೈನನ್ನೂ ಬೇರೆಬೇರೆಯಾಗಿ ಮುಚ್ಚಿ, ಕೈಪಂಪಿನಿಂದ ಒತ್ತಡ ಏರಿಸಿ ಮೀಟರಿನ ಮುಳ್ಳು ಇಳಿಯುತ್ತದೆಯೇ ನೋಡಬೇಕು. ಉಳಿದ ತುಂಡು ಪೈಪು ಮನೆಯಲ್ಲಿದ್ದರೆ ಮೇಲಿನ ಅಚ್ಚು ಓದಿ. ಬಿಸಿನೀರಿಗೆ ಸಿಪಿವಿಸಿ ಬೇಕು, ಐಎಸ್ 15778 ಎಂದಿರುತ್ತದೆ. ಬಿಳಿಯ ಯುಪಿವಿಸಿ 60 ಡಿಗ್ರಿಗೆ ಮೆತ್ತಗಾಗುತ್ತದೆ. ಅದನ್ನು ಹಾಕಿದ್ದರೆ ಪೂರ್ತಿ ಲೈನು ಬದಲಿಸದೆ ಗತಿಯಿಲ್ಲ.

ಗೋಡೆ ಸಿಪೊರೆಕ್ಸಿನದೇ (ಗಾಳಿಗುಳ್ಳೆಯ ಹಗುರ ಕಾಂಕ್ರೀಟ್ ಇಟ್ಟಿಗೆಯದೇ) ಎಂದೂ ಕೇಳಿ ತಿಳಿಯಿರಿ. ನೀರು ತುಂಬಿದ ಗೀಸರ್ 35 ಕಿಲೋ ತೂಗುತ್ತದೆ. ಸಾಮಾನ್ಯ ಆಂಕರ್ ಬೋಲ್ಟು ಆ ಪುಡಿಗೋಡೆಯಲ್ಲಿ ಹಿಡಿಯುವುದಿಲ್ಲ.

ಇನ್ನು ಕಾಂಟ್ರಾಕ್ಟರ್. ಏನನ್ನೂ ಸರಿಪಡಿಸುವ ಮೊದಲು ಪ್ರತಿ ದೋಷದ ಫೋಟೋ, ವಿಡಿಯೋ ತೆಗೆದಿಡಿ. ಎಲೆಕ್ಟ್ರಿಷಿಯನ್ ಮತ್ತು ಗೀಸರ್ ಕಂಪನಿಯ ಸರ್ವಿಸಿನವರಿಂದ ಬರಹದಲ್ಲಿ ವರದಿ ಪಡೆಯಿರಿ. ದೋಷಗಳನ್ನು ಒಂದೊಂದಾಗಿ ಬರೆದು, 15 ದಿನ ಗಡುವು ಕೊಟ್ಟು, ವಾಟ್ಸಾಪಿನಲ್ಲೂ ಸ್ಪೀಡ್ ಪೋಸ್ಟಿನಲ್ಲೂ ಕಳಿಸಿ. ಅಲ್ಲಿಯವರೆಗೆ ಬಾಕಿ ತಡೆದಿಡುತ್ತೇವೆ ಎಂದೂ ಅದರಲ್ಲೇ ಬರೆಯಿರಿ. ಬಿಲ್ ಇಲ್ಲದಿದ್ದರೆ ಯುಪಿಐ ದಾಖಲೆ, ಮೆಸೇಜುಗಳೇ ಸಾಕ್ಷಿ. ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ, ಆಮೇಲೆ ನಿಮ್ಮ ಜಿಲ್ಲೆಯ ಗ್ರಾಹಕ ಆಯೋಗ. 2019ರ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಎರಡು ವರ್ಷದೊಳಗೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಕೆಳಮನೆಯವರ ದುರಸ್ತಿಗೆ ಮಾತ್ರ ಸೊಸೈಟಿಯ ಕಡೆ ನೋಡಬೇಡಿ. ಒಳಗಿನ ಸೋರಿಕೆ ಸದಸ್ಯರದೇ ಖರ್ಚು. ಆ ಮೊತ್ತವನ್ನೂ ದೂರಿನಲ್ಲಿ ಸೇರಿಸಿ.

ಪ್ರಶ್ನೆ: ಪುಣೆಯ ಕೋಥ್ರೂಡಿನಲ್ಲಿ ನಮ್ಮ ಸಿಲಿಂಡರಿನ ಗ್ಯಾಸ್ ಗೀಸರನ್ನು ಪ್ಲಂಬರ್ ಸ್ನಾನದ ಕೋಣೆಯೊಳಗೇ ಹಾಕಿದ್ದಾನೆ. ಈಗ ಪೈಪಿನ ಗ್ಯಾಸ್ ಬಂದಿದೆ, ಅದಕ್ಕೇ ಜೋಡಿಸುತ್ತೇನೆ ಎನ್ನುತ್ತಾನೆ. ಸರಿಯೇ?

ಉತ್ತರ: ಎರಡೂ ತಪ್ಪು. ಮುಚ್ಚಿದ ಕೋಣೆಯಲ್ಲಿ ಉರಿ ಗಾಳಿಯನ್ನು ತಿಂದು ಕಾರ್ಬನ್ ಮೊನಾಕ್ಸೈಡ್ ಕಾರುತ್ತದೆ. ಅದಕ್ಕೆ ವಾಸನೆಯಿಲ್ಲ, ತಲೆನೋವು, ತಲೆಸುತ್ತು ಬಂದು ಮನುಷ್ಯ ಬಾಗಿಲ ಚಿಲಕಕ್ಕೆ ಕೈ ಚಾಚುವ ಮೊದಲೇ ಬೀಳುತ್ತಾನೆ. ಗೀಸರನ್ನು ಹೊರಗಿನ ತೆರೆದ ಬಾಲ್ಕನಿಗೆ ಸಾಗಿಸಿ, ಬಿಸಿನೀರಿನ ಪೈಪು ಮಾತ್ರ ಒಳಗೆ ಬರಲಿ. ಸಿಲಿಂಡರಿನ ಗ್ಯಾಸ್ ಸುಮಾರು 30 ಮಿಲಿಬಾರ್ ಒತ್ತಡದ್ದು, ಪೈಪಿನದು 21, ನಾಜಲ್ ಬೇರೆ. ಪೈಪಿನ ಗ್ಯಾಸಿಗೆಂದೇ ಮಾಡಿದ ಗೀಸರ್ ಕೊಳ್ಳಿ, ಜೋಡಣೆಯನ್ನು ಗ್ಯಾಸ್ ಕಂಪನಿಯ ತಂತ್ರಜ್ಞರೇ ಮಾಡಲಿ. ಸಾಗಿಸುವವರೆಗೆ ಬಕೆಟ್ಟಿನ ನೀರು ಒಲೆಯ ಮೇಲೆಯೇ ಕಾಯಲಿ.